ಹೋಲಿಕೆಗೆ ಇಟ್ಟ ಅಂಗನವಾಡಿ

ಪುಸ್ತಕದ ಪೆಟ್ಟಿಗೆ ಮೇಲ್ಬೀದಿಯ ಅಂಗನವಾಡಿಗೆ ಹೋಯಿತು, ಕೆಳಬೀದಿಯದಕ್ಕೆ ಬರಲಿಲ್ಲ. ಇಷ್ಟೇ ಆಗಿದ್ದರೆ ಕೆಳಬೀದಿಯ ಮಿಸ್ ನಾಗಲಕ್ಷ್ಮಮ್ಮ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದಳೇನೋ. ಆದರೆ ಮೇಲ್ಬೀದಿಯಲ್ಲಿ ಮಿಸ್ ಆಗಿದ್ದವಳು ಮಮತಾ. ಮಮತಾ ಎಂದರೆ ನಾಗಲಕ್ಷ್ಮಮ್ಮನ ಮೈದುನನ ಹೆಂಡತಿ, ಸ್ವಂತ ವಾರಗಿತ್ತಿ. ಊರಲ್ಲಿ ಬೇರೆ ಯಾರಿಗೆ ಏನು ಬಂದರೂ ಸಹಿಸಬಹುದು. ವಾರಗಿತ್ತಿಯ ಕೈಗೆ ಬಂದದ್ದನ್ನು ಸಹಿಸುವ ಹೆಂಗಸು ಹೊಂಗನೂರಿನ ಸುತ್ತಮುತ್ತ ಇನ್ನೂ ಹುಟ್ಟಬೇಕು.

ಪೆಟ್ಟಿಗೆ ಬೆಂಗಳೂರಿನ ಒಂದು ಟ್ರಸ್ಟಿನವರದು. ಪುಟ್ಟ ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಅವರು ಹೊಸ ಪಾಠಕ್ರಮ ಮಾಡಿದ್ದರು, ‘ಚಿಗುರಕ್ಷರ’ ಎಂದು ಹೆಸರಿಟ್ಟಿದ್ದರು. ದಿನಕ್ಕೊಂದು ಕಥೆ, ಕಥೆಗೆ ದೊಡ್ಡ ಚಿತ್ರ, ಕಥೆಯಲ್ಲಿ ಬಂದ ಮಾತನ್ನು ಚಪ್ಪಾಳೆ ತಟ್ಟಿ ಬಿಡಿಸುವ ಆಟ, ಅದೆಲ್ಲ ಆದ ಮೇಲೆ ಅಕ್ಷರ. ಇದರಿಂದ ಮಕ್ಕಳು ನಿಜವಾಗಿ ಕಲಿಯುತ್ತಾರೋ ಇಲ್ಲವೋ ಎಂದು ಒಂದು ವರ್ಷ ಅಳೆದು ನೋಡುವುದಕ್ಕೆ ಸೌಮ್ಯ ಎಂಬ ಕನಕಪುರದ ಹುಡುಗಿಯನ್ನು ಇಟ್ಟುಕೊಂಡಿದ್ದರು. ಚನ್ನಪಟ್ಟಣದಲ್ಲಿ ಮೀಟಿಂಗ್ ಕರೆದು, ಯಾವ ಕೇಂದ್ರಕ್ಕೆ ಪೆಟ್ಟಿಗೆ ಯಾವುದಕ್ಕಿಲ್ಲ ಎಂದು ಎಲ್ಲರ ಎದುರಿಗೇ ಚೀಟಿ ಎತ್ತಿದರು.

“ಇಬ್ರಿಗೂ ಕೊಟ್ಬಿಟ್ರೆ ಮಕ್ಕಳು ಇದ್ರಿಂದಾನೇ ಕಲಿತ್ರು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?” ಎಂದು ಸೌಮ್ಯ ನಯವಾಗಿಯೇ ತಿಳಿಸಿ ಹೇಳಿದಳು. “ಒಂದು ಕೇಂದ್ರಕ್ಕೆ ಕೊಡ್ತೀವಿ, ಇನ್ನೊಂದನ್ನ ಹೋಲಿಕೆಗೆ ಇಟ್ಕೋತೀವಿ. ವ್ಯತ್ಯಾಸ ಕಂಡ್ರೆ ಮುಂದಿನ ಜೂನ್‌ಗೆ ಎಲ್ರಿಗೂ ಪೆಟ್ಟಿಗೆ ಬರುತ್ತೆ.”

“ಹೋಲಿಕೆಗಾ?” ನಾಗಲಕ್ಷ್ಮಮ್ಮ ಕುರ್ಚಿ ಸರಿಸಿ ಎದ್ದು ನಿಂತಳು. “ಅವ್ಳ ಮಕ್ಳು ಚೆಂದ ಕಾಣ್ಲಿ ಅಂತ ಪಕ್ಕದಾಗೆ ನಮ್ಮ ಮಕ್ಳುನ್ನ ಪೆದ್ದು ಮಾಡಿ ಕೂರುಸ್ತೀರಾ? ಒಂದು ಪಂಕ್ತೀಲಿ ಒಬ್ರಿಗೆ ಹೋಳಿಗೆ, ಇನ್ನೊಬ್ರಿಗೆ ಖಾಲಿ ಎಲೆ. ಉಂಡೋರು ದಪ್ಪ ಆಗ್ತಾರಾ ಅಂತ ನೋಡಕ್ಕೆ ನೀವು ಬತ್ತೀರಾ?”

“ಸುಮ್ನೆ ಕೂತ್ಕೊಳಿ ನಾಗಲಕ್ಷ್ಮಮ್ಮ,” ಎಂದರು ಸೂಪರ್‌ವೈಸರ್ ನೂರೀನ್ ಮೇಡಂ. “ನಿಮ್ಮನೆ ಜಗಳ ಇಲ್ಲಿಗೆ ತರ್ಬೇಡಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಮತಾ ತಿರುಗಿಯೂ ನೋಡಲಿಲ್ಲ. ಜೂನ್‌ಗೆ ಬರುತ್ತದೆಯಂತೆ ಜೂನ್‌ಗೆ! ಅಜ್ಜಿಯರು ಮಾರಿ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಏನು ಭೇದ ಎಂದು ನಾಗಲಕ್ಷ್ಮಮ್ಮ ಬಸ್ಸಿನುದ್ದಕ್ಕೂ ಕುದಿಯುತ್ತ ಬಂದಳು. ಆದರೂ ಆ ಪೆಟ್ಟಿಗೆ ತನ್ನ ಕೇಂದ್ರಕ್ಕೆ ಬರಲೇಬೇಕು ಎಂಬ ಹಟ ಅವತ್ತೇ ಅವಳೊಳಗೆ ಬೇರು ಬಿಟ್ಟಿತು.

ಇಬ್ಬರೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಆಗಿನ್ನೂ ಒಟ್ಟು ಮನೆ, ಮನೆಯಲ್ಲಿ ರೇಷ್ಮೆಹುಳ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಇನ್ನೇನು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು ಅನ್ನುವಾಗ ರೋಗ ಬಿದ್ದು, ತಟ್ಟೆಗೆ ತಟ್ಟೆಯೇ ತಿಪ್ಪೆಗೆ ಹೋಯಿತು. ಮುಟ್ಟಾದವಳು ಹುಳದ ಕೋಣೆಗೆ ಕಾಲಿಟ್ಟಿದ್ದಕ್ಕೇ ಹೀಗಾಯಿತೆಂದು ನಾಗಲಕ್ಷ್ಮಮ್ಮ ಬೀದಿಯಲ್ಲಿ ನಿಂತು, ಗಂಡಸರು ಮಕ್ಕಳು ಎಂದು ನೋಡದೆ, ಮಮತಾಳ ಹೆಸರು ಹಿಡಿದು ಕೂಗಿದಳು. ಮಮತಾ ಕೋಣೆಗೆ ಹೋಗಿದ್ದಳೋ ಇಲ್ಲವೋ, ನಾಗಲಕ್ಷ್ಮಮ್ಮ ಕಂಡವಳಲ್ಲ. ಸಿಟ್ಟು ಬಂದಿತ್ತು, ಕೂಗಿದಳು. ಮಮತಾ ಆಗ ಹೊಸ ಸೊಸೆ. ನಾಚಿಕೆಯಿಂದ ಅತ್ತಳು, ಆಮೇಲೆ ಅಳು ನಿಲ್ಲಿಸಿ ಮಾತನ್ನೂ ನಿಲ್ಲಿಸಿದಳು. ಆ ವರ್ಷವೇ ಮನೆ ಪಾಲಾಯಿತು.

ಪಾಲಾದ ಹಳೇ ಮನೆಗಳ ಪಾಡೇ ಒಂದು ಥರ. ನಡುಮನೆಯ ಮಧ್ಯೆ ಗೋಡೆ ಎಬ್ಬಿಸುತ್ತಾರೆ, ಸೂರಿನ ಹೆಂಚು ಮಾತ್ರ ಇಬ್ಬರಿಗೂ ಒಂದೇ. ಗೋಡೆ ತೊಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಮೇಲೆ ಬೆಕ್ಕು ನುಸುಳುವಷ್ಟು ಸಂದು ಉಳಿಯುತ್ತದೆ. ಈ ಕಡೆ ಒಣಮೆಣಸಿನಕಾಯಿ ಹುರಿದರೆ ಆ ಕಡೆಯವರು ಕೆಮ್ಮುತ್ತಾರೆ. ಹೀಗೆ ಒಬ್ಬರ ಮುಖ ಒಬ್ಬರು ನೋಡದ ಈ ಇಬ್ಬರು ಹೆಂಗಸರಿಗೆ, ಒಬ್ಬಳ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದೂ ಇನ್ನೊಬ್ಬಳಿಗೆ ಗೊತ್ತಾಗುತ್ತಿತ್ತು.

ನಾಳೆ ಹೇಳುವ ಕಥೆಯನ್ನು ಇವತ್ತು ಸಂಜೆಯೇ ಗಟ್ಟಿಯಾಗಿ ಓದಿ ಬಾಯಿಗೆ ರೂಢಿ ಮಾಡಿಕೊಳ್ಳಿ ಎಂದು ಟ್ರಸ್ಟಿನವರು ಮಮತಾಳಿಗೆ ತರಬೇತಿಯಲ್ಲಿ ಹೇಳಿದ್ದರಂತೆ. ಅವಳು ಅದನ್ನು ವ್ರತದ ಹಾಗೆ ಪಾಲಿಸಿದಳು. ದೀಪ ಹಚ್ಚಿದ ಮೇಲೆ ಗೋಡೆಯ ಆಚೆ ಶುರುವಾಗುತ್ತಿತ್ತು: ಕರಡಿಯ ದನಿ, ಕಪ್ಪೆಯ ದನಿ, ಚಪ್ಪಾಳೆ, ಮತ್ತೆ ಮೊದಲಿಂದ.

“ಕೇಳ್ದಾ ನಿನ್ ತಮ್ಮನ ಹೆಂಡ್ತಿ ರಾಗವ?” ಎಂದು ನಾಗಲಕ್ಷ್ಮಮ್ಮ ಗಂಡ ದೊಡ್ಡಹನುಮಯ್ಯನಿಗೆ ಆಚೆಗೂ ಕೇಳುವ ಹಾಗೆ ಹೇಳಿದಳು. “ಹರಿಕಥೆ ದಾಸಯ್ಯನೂ ಇಂಗೆ ಕುಣಿಯಕ್ಕಿಲ್ಲ.”

ಆಚೆಯಿಂದ ತಕ್ಷಣ ಉತ್ತರ ಬಂತು, ಅದೂ ಗಂಡನ ಹೆಸರಿನಲ್ಲಿ. “ಏನ್ರೀ, ಹೊಟ್ಟೆ ಉರಿಯೋರ ಮನೇಲಿ ಒಲೆ ಯಾಕೆ ಹಚ್ಚಬೇಕು? ಗ್ಯಾಸ್ ಉಳೀತದೆ ಅಲ್ವ್ರಾ?”

ದೊಡ್ಡಹನುಮಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಆ ಮನೆಯಲ್ಲಿ ಬಾಳಿದ ಗಂಡಸಿಗೆ ಅದೊಂದು ವಿದ್ಯೆ ಚೆನ್ನಾಗಿ ಬರುತ್ತಿತ್ತು.

ಹೀಗೇ ಆಡಿಕೊಂಡು ಇದ್ದುಬಿಡುತ್ತಿದ್ದಳು, ಜಾರಾಳ ಅಮ್ಮ ಬಂದು ಆ ಮಾತು ಆಡದಿದ್ದರೆ. ಜಾರಾ ಕೆಳಬೀದಿಯ ಅಂಗನವಾಡಿಯ ಚೂಟಿ ಹುಡುಗಿ. “ಮೇಲ್ಗಡೆ ಮಕ್ಳಿಗೆ ದಿನಾ ಕಥೆ ಹೇಳ್ತಾರಂತೆ, ಇಲ್ಲಿ ಬರೀ ಉಪ್ಪಿಟ್ಟು ಅಂತಾಳೆ ಮಿಸ್ ಇವಳು. ಅಲ್ಲಿಗೇ ಹಾಕ್ಬಿಡ್ಲಾ?” ಎಂದಳು ಅವಳ ಅಮ್ಮ. ನಾಗಲಕ್ಷ್ಮಮ್ಮನಿಗೆ ಕೆನ್ನೆಗೆ ಬಿದ್ದಂತಾಯಿತು. “ಅದ್ಯಾವ ದೊಡ್ಡ ಕಥೆ? ಕಪ್ಪೆ ಛತ್ರಿ ಹುಡುಕ್ಕಂಡು ಹೋಗಿದ್ದು ತಾನೆ? ನಮ್ಮಲ್ಲೂ ಐತೆ, ಕೂತ್ಕ ಕೇಳು,” ಎಂದು ಹಿಂದಿನ ಸಂಜೆ ಗೋಡೆಯ ಮೇಲಿಂದ ಬಂದ ಕಥೆಯನ್ನು ಇದ್ದಕ್ಕಿದ್ದಂತೆ ಶುರುಮಾಡಿಬಿಟ್ಟಳು. ಮಳೆ ಬಂದರೆ ನೆನೆಯುತ್ತೇನೆಂದು ಕಪ್ಪೆ ಅಳುವಲ್ಲಿಗೆ ಬಂದಾಗ ಮಕ್ಕಳು ಉಪ್ಪಿಟ್ಟು ಬಿಟ್ಟು ಹತ್ತಿರ ಸರಿದಿದ್ದರು. ಜಾರಾಳ ಅಮ್ಮನೂ ಹೊಸ್ತಿಲಲ್ಲೇ ಕೂತಿದ್ದಳು.

ಅಂದಿನಿಂದ ಸಂಜೆ ಗೋಡೆಯ ಆಚೆ ಓದು ಶುರುವಾದರೆ ಈಚೆ ಟಿವಿ ಆರುತ್ತಿತ್ತು. ಮಮತಾ ಕರಡಿಗೆ ಯಾವ ದನಿ ಕೊಟ್ಟಳು, ಎಲ್ಲಿ ನಿಲ್ಲಿಸಿ ‘ಮುಂದೇನಾಗಬಹುದು ಹೇಳಿ’ ಎಂದಳು, ಎಲ್ಲವನ್ನೂ ನಾಗಲಕ್ಷ್ಮಮ್ಮ ಸೊಪ್ಪು ಸೋಸುತ್ತ ಕಿವಿಗೆ ಹಾಕಿಕೊಂಡಳು. ಚಿತ್ರ ಇರಲಿಲ್ಲವಲ್ಲ, ಹಳೇ ಕ್ಯಾಲೆಂಡರ್, ಬೀಜದ ಪ್ಯಾಕೆಟ್ಟು, ಮದುವೆ ಕಾರ್ಡು ಕತ್ತರಿಸಿ ಅಂಟಿಸಿದಳು. ನೂರೀನ್ ಮೇಡಂ ಭೇಟಿಗೆ ಬಂದ ದಿನ ಅವು ಅಕ್ಕಿ ಡಬ್ಬದ ಹಿಂದೆ ಇರುತ್ತಿದ್ದವು. ಕದಿಯುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ತನ್ನ ಸೂರಿನ ಕೆಳಗೆ ಬಂದದ್ದು ತನ್ನದೇ ಎಂದುಕೊಂಡಳು.

ಆಮೇಲೆ ಆದದ್ದು ಅವಳು ಎಣಿಸಿದ್ದಲ್ಲ. ಇಷ್ಟು ವರ್ಷ ಅವಳ ಮಕ್ಕಳು ಅ ಆ ಇ ಈ ಎಂದು ಓಣಿಯ ಕೊನೆಗೆ ಕೇಳುವಂತೆ ಕೂಗುತ್ತಿದ್ದರು; ನಡುವೆ ಬೆರಳಿಟ್ಟು ಇದೇನು ಎಂದರೆ ಮತ್ತೆ ಮೊದಲಿಂದ ಕೂಗಿಕೊಂಡು ಬರಬೇಕಿತ್ತು. ಈಗ ಅದೇ ವಯಸ್ಸಿನ ಮಕ್ಕಳು ಕಪ್ಪೆಗೂ ಕರಡಿಗೂ ಮೊದಲ ಸದ್ದು ಒಂದೇ ಎಂದು ತಾವೇ ಹಿಡಿದು ಜಗಳವಾಡತೊಡಗಿದರು. ಮಾತೇ ಆಡದೆ ಕಂಬ ಹಿಡಿದು ನಿಲ್ಲುತ್ತಿದ್ದ ನವ್ಯಶ್ರೀ ಎಂಬ ಮಗು ಒಂದು ದಿನ ಎದ್ದು ಬಂದು ಇಡೀ ಕಥೆಯನ್ನು ತನ್ನ ಬಾಯಲ್ಲಿ ಹೇಳಿ, ಕೊನೆಗೆ ಕಪ್ಪೆಗೆ ತನ್ನ ಅಜ್ಜಿಯ ಛತ್ರಿಯನ್ನೇ ಕೊಡಿಸಿತು. ನಾಗಲಕ್ಷ್ಮಮ್ಮನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತಾನು ಮಾಡಿದ್ದು ಪಾಠವೋ ಬರೀ ಕೂಗಾಟವೋ ಎಂಬ ಅನುಮಾನ ಮೊದಲ ಸಲ ಬಂತು. ಅನುಮಾನ ಹೆಚ್ಚು ಹೊತ್ತು ಅನುಮಾನವಾಗಿ ಉಳಿಯುವ ಜಾಯಮಾನ ಅವಳದಲ್ಲ, ಸಿಟ್ಟಾಯಿತು. ಇಂಥಾ ಒಳ್ಳೆಯದನ್ನು ಆ ಮೇಲ್ಬೀದಿಯವಳಿಗೆ ಕೊಟ್ಟರಲ್ಲ! ಗೋಡೆಯ ಮೇಲಿಂದ ಬಿದ್ದ ಚೂರುಪಾರಿಗೇ ಮಕ್ಕಳು ಹೀಗಾದರೆ, ಪೂರಾ ಪೆಟ್ಟಿಗೆ ಬಂದರೆ ಹೇಗಿರಬೇಡ?

ಮಾರ್ಚ್ ತಿಂಗಳಲ್ಲಿ ಸೌಮ್ಯ ಕೊನೆಯ ಪರೀಕ್ಷೆಗೆ ಬಂದಳು. ವರ್ಷದ ಮೊದಲಿಗೆ ಬಂದಾಗ ಇದೇ ಮಕ್ಕಳು ಅವಳನ್ನು ನೋಡಿ ಅತ್ತಿದ್ದರು. ಈಗ ಅವಳು ಚಿತ್ರ ತೋರಿಸುವುದೇ ತಡ, ನಾ ಮುಂದು ತಾ ಮುಂದು ಎಂದು ಮೇಲೆ ಬಿದ್ದು ಹೇಳಿದರು. ಟ್ಯಾಬ್‌ನಲ್ಲಿ ಗುರುತು ಹಾಕುತ್ತ ಹಾಕುತ್ತ ಸೌಮ್ಯಳ ಹುಬ್ಬು ಮೇಲೇರಿತು. ಎಲ್ಲ ಮುಗಿದ ಮೇಲೆ ನಾಗಲಕ್ಷ್ಮಮ್ಮನನ್ನು ಪಕ್ಕಕ್ಕೆ ಕರೆದಳು.

“ಮೇಡಂ, ಈ ಪ್ರಶ್ನೆ ಎಲ್ಲಾ ಕಡೆ ಕೇಳಲೇಬೇಕು. ಪೆಟ್ಟಿಗೆಯಲ್ಲಿರೋ ಕಥೆ, ಆಟ, ಏನಾದ್ರೂ ಈ ಕೇಂದ್ರಕ್ಕೆ ಬಂದಿದ್ಯಾ? ಬಂದಿದ್ರೆ ಹೇಳ್ಬಿಡಿ, ಯಾರೂ ಏನೂ ಅನ್ನಲ್ಲ. ನಿಮ್ಮ ಊರನ್ನ ಈ ಹೋಲಿಕೆಯಿಂದ ತೆಗೆದಿಡ್ತೀವಿ ಅಷ್ಟೆ.”

ತೆಗೆದಿಡುವುದಂತೆ! ನಾಗಲಕ್ಷ್ಮಮ್ಮನ ಕಿವಿಗೆ ಉಳಿದ ಮಾತೆಲ್ಲ ಸೋರಿಹೋಗಿ ಅದೊಂದೇ ನಿಂತಿತು. ಊರನ್ನು ತೆಗೆದಿಟ್ಟರೆ ಜೂನ್‌ಗೆ ಪೆಟ್ಟಿಗೆ ಎಲ್ಲಿಂದ ಬರಬೇಕು? ಅದೂ ಸಾಲದೆಂಬಂತೆ, ಹೌದೆಂದರೆ ಇವರೆಲ್ಲ ಏನೆಂದುಕೊಳ್ಳುತ್ತಾರೆ? ನಾಗಲಕ್ಷ್ಮಮ್ಮನ ಮಕ್ಕಳು ಜಾಣರಾದದ್ದು ಮಮತಾಳಿಂದ ಎಂದು. ಅದಕ್ಕಿಂತ ನಾಲಿಗೆ ಕಚ್ಚಿಕೊಂಡು ಸಾಯುವುದು ಮೇಲು.

“ಆ ಪೆಟ್ಗೆ ಕೆಂಪಗೈತೋ ಹಸ್ರಗೈತೋ ಅಂತಾನೂ ನಂಗೊತ್ತಿಲ್ಲ ಕಣವ್ವ,” ಎಂದಳು. “ಅವ್ಳತ್ರ ನಾನು ಮಾತಾಡದೇ ಇಲ್ಲ, ಬೇಕಾರೆ ಊರ್ನೇ ಕೇಳು. ನಮ್ಮ ಮಕ್ಳು ಕಲ್ತಿರೋದು ನನ್ನ ಬಾಯಿಂದ.”

“ಅದೊಂದು ಸತ್ಯ,” ಎಂದು ಜೊತೆಗಿದ್ದ ನೂರೀನ್ ಮೇಡಂ ನಕ್ಕರು. “ಇವರಿಬ್ರೂ ಒಂದೇ ಬಾವಿ ನೀರು ಕುಡಿಯಲ್ಲ ಕಣಮ್ಮ. ಬರ್ಕೋ ಧೈರ್ಯವಾಗಿ.”

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಅದೇ ಅದರ ಮೋಸ. ಸೌಮ್ಯ ಬರೆದುಕೊಂಡಳು. ಅವಳು ಹೋದ ಮೇಲೆ ನಾಗಲಕ್ಷ್ಮಮ್ಮ ಗೆದ್ದವಳ ಹಾಗೆ ಸೆರಗು ಕೊಡವಿದಳು. ಪೆಟ್ಟಿಗೆ ಇಡುವುದಕ್ಕೆಂದು ಗೋಡೆಯ ಗೂಡಿನಲ್ಲಿದ್ದ ಹಳೇ ತಟ್ಟೆಗಳನ್ನೂ ತೆಗೆಸಿದಳು.

ಮೇ ತಿಂಗಳ ಕೊನೆಯಲ್ಲಿ ಚನ್ನಪಟ್ಟಣದಲ್ಲಿ ಮತ್ತೆ ಮೀಟಿಂಗ್ ಆಯಿತು. ಹಾಲ್‌ನಲ್ಲಿ ಫ್ಯಾನ್ ತಿರುಗುತ್ತಿದ್ದರೂ ಬೆವರು ಆರುತ್ತಿರಲಿಲ್ಲ. ನಾಗಲಕ್ಷ್ಮಮ್ಮ ಬಲಗಡೆ ಮೊದಲ ಸಾಲು, ಮಮತಾ ಎಡಗಡೆ ಮೊದಲ ಸಾಲು. ಸೌಮ್ಯ ಎದ್ದು ನಿಂತು ಫಲಿತಾಂಶ ಓದಿದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ.

“ಪಾಠಕ್ರಮಾನ ಎಲ್ಲರಿಗಿಂತ ಚೆನ್ನಾಗಿ ನಡೆಸಿದ್ದು ಮಮತಾ ಮೇಡಂ,” ಎಂದಳು. “ಒಂದು ದಿನವೂ ತಪ್ಪಿಸಿಲ್ಲ. ಹಾಗಾಗಿ ಟ್ರಸ್ಟಿನವರ ಕಣ್ಣೆಲ್ಲಾ ಅವರ ಊರಿನ ಮೇಲೇ ಇತ್ತು. ಆದ್ರೆ ಅಲ್ಲೇ, ಪೆಟ್ಟಿಗೆ ಸಿಗದ ಪಕ್ಕದ ಕೇಂದ್ರದ ಮಕ್ಕಳಿಗೂ ಇವರ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಇಬ್ಬರೂ ಸಮ.”

ಸಮ! ನಾಗಲಕ್ಷ್ಮಮ್ಮನ ಎದೆ ಹಿಗ್ಗಿತು. ಸಿಂಗಾರ ಮಾಡಿ ಕೊಟ್ಟ ಪೆಟ್ಟಿಗೆ ಇಟ್ಟುಕೊಂಡವಳೂ, ಕದ್ದು ಕೇಳಿದ ತಾನೂ ಸಮ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ತಾನಾಗಿ ಮಮತಾಳ ಕಡೆ ತಿರುಗಿ, ಹಲ್ಲು ಕಾಣುವಂತೆ ನಕ್ಕಳು. ಮಮತಾಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

“ಬೇರೆ ಕೆಲವು ಊರಲ್ಲಿ ಸ್ವಲ್ಪ ಒಳ್ಳೇದು ಕಂಡಿತ್ತು,” ಸೌಮ್ಯ ಮುಂದುವರಿಸಿದಳು, “ಆದ್ರೆ ಇಷ್ಟು ಚೆನ್ನಾಗಿ ನಡೆಸಿದ ಕಡೆಯೇ ಪ್ರಯೋಜನ ಇಲ್ಲ ಅಂದ್ಮೇಲೆ ಇದನ್ನ ಮುಂದುವರಿಸೋದು ಬೇಡ ಅಂತ ಟ್ರಸ್ಟಿನವರು ತೀರ್ಮಾನ ಮಾಡಿದ್ದಾರೆ. ಜೂನ್‌ಗೆ ಯಾರಿಗೂ ಪೆಟ್ಟಿಗೆ ಬರಲ್ಲ. ಕೊಟ್ಟಿರೋ ಪೆಟ್ಟಿಗೆಗಳನ್ನೂ ಈ ವಾರ ವಾಪಸ್ ತಗೋತೀವಿ.”

ನಾಗಲಕ್ಷ್ಮಮ್ಮನ ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ಇಳಿಸಬೇಕೆಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ನೂರೀನ್ ಮೇಡಂ ಎದ್ದು, ಯಾವ ಪೆಟ್ಟಿಗೆಯ ಹಂಗೂ ಇಲ್ಲದೆ ಸ್ವಂತ ಬುದ್ಧಿಯಿಂದ ಮಕ್ಕಳನ್ನು ಮುಂದೆ ತಂದ ನಾಗಲಕ್ಷ್ಮಮ್ಮನವರಿಗೆ ಒಂದು ಚಪ್ಪಾಳೆ ಎಂದರು. ಹಾಲ್ ತುಂಬ ಚಪ್ಪಾಳೆ. ಯಾರೋ ಶಾಲು ಬಿಚ್ಚಿಕೊಂಡು ಹತ್ತಿರ ಬಂದರು. ಪಕ್ಕದವಳಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವಳ ಗಾದೆ ಕೇಳಿದ್ದೇವೆ. ಕೊಯ್ದುಕೊಂಡದ್ದಕ್ಕೆ ಶಾಲು ಹೊದಿಸಿದ್ದನ್ನು ಯಾರೂ ಕೇಳಿರಲಾರರು.

“ಬ್ಯಾಡ!” ನಾಗಲಕ್ಷ್ಮಮ್ಮ ಶಾಲನ್ನು ತಳ್ಳಿದಳು. “ತಡೀರಿ. ನಿಲ್ಸ್‌ಬ್ಯಾಡಿ ಅದ್ನ. ಅದ್ರಿಂದ್ಲೇ ನಮ್ಮ ಮಕ್ಳೂ ಕಲ್ತಿದ್ದು.”

“ಯಾವುದ್ರಿಂದ?” ಎಂದಳು ಸೌಮ್ಯ.

“ನಿಮ್ಮ ಕಥೆಯಿಂದ್ಲೇ. ಅವ್ಳು ಸಂಜೆ ಗಟ್ಟಿಯಾಗಿ ಓದ್ತಿದ್ಲು, ನಾನು ಗೋಡೆ ಈ ಕಡೆ ಕೇಳಿಸ್ಕಂಡು ಮಕ್ಳಿಗೆ ಹೇಳ್ತಿದ್ದೆ. ಕಪ್ಪೆ ಕಥೆ, ಕರಡಿ ಕಥೆ, ಚಪ್ಪಾಳೆ ಆಟ, ಎಲ್ಲಾನೂವೆ. ಕದ್ದೆ ಕಣವ್ವ. ನನ್ನ ಬುದ್ಧಿ ಅಲ್ಲ ಅದು.”

ಹಿಂದಿನ ಬೆಂಚಿನಿಂದ ಒಬ್ಬಳು, “ಪೆಟ್ಗೆ ತನಗೂ ಬರಲ್ಲ ಅಂತ ಗೊತ್ತಾದ್ಮೇಲೆ ಕಥೆ ಕಟ್ತಾವ್ಳೆ ನೋಡು,” ಎಂದಳು. ಎಲ್ಲರೂ ನಕ್ಕರು. ನೂರೀನ್ ಮೇಡಂ ನಗಲಿಲ್ಲ, ರೇಗಿದರು. “ನಿಮ್ಮ ಮನೆ ಜಗಳ ಇಡೀ ತಾಲ್ಲೂಕಿಗೇ ಗೊತ್ತು ನಾಗಲಕ್ಷ್ಮಮ್ಮ. ಅವ್ರ ಹೆಸ್ರು ಕೇಳಿದ್ರೆ ಉಗಿಯೋ ನೀವು, ಅವ್ರ ಬಾಯಿಂದ ಬಂದಿದ್ನ ಮಕ್ಳಿಗೆ ಹೇಳ್ಕೊಟ್ರಾ? ಇದನ್ನ ನಾನು ನಂಬಬೇಕಾ? ನನ್ನೆದುರಿಗೇ ಇಲ್ಲ ಅಂದಿರಲ್ಲ!”

ಸೌಮ್ಯಳ ಮುಖದಲ್ಲಿ ಮಾತ್ರ ಬೇರೆ ಏನೋ ಇತ್ತು. ಅವಳು ವೇದಿಕೆ ಇಳಿದು ನೇರ ಮಮತಾಳ ಹತ್ತಿರ ಹೋದಳು.

“ಮೇಡಂ, ನೀವು ಹೇಳಿ. ಗೋಡೆ ಆಚೆಗೆ ಕೇಳಿಸುತ್ತಾ? ಹೌದು ಅಂದ್ರೆ ನಾನು ಟ್ರಸ್ಟಿನವರ ಹತ್ರ ಮತ್ತೆ ಮಾತಾಡ್ತೀನಿ. ನಿಮ್ಮ ಊರನ್ನ ಬಿಟ್ಟು ನೋಡಿದ್ರೆ ಫಲಿತಾಂಶಾನೇ ಬೇರೆ ಆಗುತ್ತೆ. ಪೆಟ್ಟಿಗೆ ಉಳಿಯುತ್ತೆ.”

ಮಮತಾ ಎದ್ದು ನಿಂತಳು. ನಾಗಲಕ್ಷ್ಮಮ್ಮ ಅವಳ ಬಾಯಿಯನ್ನೇ ನೋಡುತ್ತ ನಿಂತಳು. ತನ್ನ ಜನ್ಮದಲ್ಲಿ ಆ ಬಾಯಿಂದ ಏನನ್ನೂ ಬೇಡದವಳು ಈಗ ಒಂದೇ ಒಂದು ಮಾತು ಬೇಡುತ್ತಿದ್ದಳು. ಮಮತಾ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ನಿಧಾನವಾಗಿ.

“ಕೇಳ್ಸಲ್ಲ,” ಎಂದಳು. “ನಮ್ಮನೆ ಮಾತು ನಮ್ಮನೇಲೇ ಇರ್ತದೆ.”

ಮುಗಿಯಿತು. ಸೌಮ್ಯ ತಲೆಯಾಡಿಸಿ ವಾಪಸು ಹೋದಳು. ಶಾಲನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟರು. ನಾಗಲಕ್ಷ್ಮಮ್ಮ ಅದನ್ನು ಮುಟ್ಟದೆ ಹೊರಗೆ ಬಂದಳು.

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದಲ್ಲಿ ಇದ್ದ ಒಂದೇ ಕಲ್ಲುಬೆಂಚಿನ ಒಂದು ತುದಿಗೆ ಇವಳು, ಇನ್ನೊಂದು ತುದಿಗೆ ಅವಳು. ನಾಗಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ.

“ಹೂ ಅನ್ನಕ್ಕೆ ಏನಾಗಿತ್ತು ನಿನ್ಗೆ? ನಿನ್ ಪೆಟ್ಗೆನೂ ಹೋಯ್ತಲ್ಲ!”

ಮಮತಾ ರಸ್ತೆಯನ್ನೇ ನೋಡುತ್ತ ಕೂತಿದ್ದಳು. ಉತ್ತರ ಬಂತು, ಅದೂ ಯಾವ ಗಂಡನ ಹೆಸರೂ ಇಲ್ಲದೆ, ನೇರವಾಗಿ.

“ಹೋಗ್ಲಿ. ನಿನ್ಗೆ ಬರ್ದೇ ಇದ್ರೆ ಸಾಕಾಗಿತ್ತು.”

“ಮಕ್ಳು ಏನ್ ಮಾಡಿದ್ವೇ ಪಾಪ? ಒಳ್ಳೇದಿತ್ತು ಕಣೆ ಅದು. ನಿನ್ಗೂ ಗೊತ್ತು.”

“ಗೊತ್ತು.” ಮಮತಾಳ ದನಿ ಮೆತ್ತಗಾಗಲಿಲ್ಲ. “ನನ್ಗೆ ಗೊತ್ತಿಲ್ದೆ ಇರ್ತದಾ? ಆವಮ್ಮ ಮಾರ್ಚಲ್ಲಿ ಕೇಳ್ದಾಗ ನೀನು ಹೂ ಅಂದಿದ್ರೆ ಆಗ್ತಿತ್ತು. ಆಗ ನಿನ್ಗೆ ಮಕ್ಳು ಕಾಣ್ನಿಲ್ಲ, ನಾನು ಕಂಡೆ. ಇವತ್ತು ನನ್ಗೆ ನೀನು ಕಂಡೆ.”

ನಾಗಲಕ್ಷ್ಮಮ್ಮನ ಬಾಯಿ ಕಟ್ಟಿತು. ಆ ಬಾಯಿ ಕಟ್ಟಿದ್ದನ್ನು ನೋಡಲು ಊರೇ ಕಾಸು ಕೊಟ್ಟು ಬರುತ್ತಿತ್ತು, ಆದರೆ ಅಲ್ಲಿ ಯಾರೂ ಇರಲಿಲ್ಲ. ಬಸ್ಸು ಬಂದು ನಿಂತಿತು. ಮಮತಾ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, ಮೆಟ್ಟಿಲಿಗೆ ಕಾಲಿಡುವ ಮುಂಚೆ ತಿರುಗಿದಳು.

“ಇನ್ನೊಂದು ಕೇಳಿಸ್ಕೊ. ಒಂದು ಮಾತು ಕೇಳಿದ್ದಿದ್ರೆ ನಾನು ಪುಸ್ತಕ ಕೊಡ್ತಿದ್ನೇನೋ ಅಂತ ಕೊರಗ್‌ಬ್ಯಾಡ. ಕೊಡ್ತಿರ್ಲಿಲ್ಲ.”

ಬಸ್ಸಿನಲ್ಲಿ ಜನವಿರಲಿಲ್ಲ. ಮಮತಾ ಮುಂದೆ ಕೂತಳು, ನಾಗಲಕ್ಷ್ಮಮ್ಮ ಹಿಂದೆ. ನಾಳೆ ಬೆಳಿಗ್ಗೆ ಜಾರಾ ಬಂದು ಇವತ್ತು ಯಾವ ಕಥೆ ಮಿಸ್ ಎನ್ನುತ್ತಾಳೆ. ಇವತ್ತು ಸಂಜೆಯಿಂದ ಗೋಡೆಯ ಆಚೆ ಯಾರೂ ಓದುವುದಿಲ್ಲ. ಮಮತಾ ಕೊನೆಗೆ ಹೇಳಿದ ಮಾತಿನಲ್ಲಿ ಒಂದಿಷ್ಟು ಸುಳ್ಳನ್ನು ಹುಡುಕಲು ನಾಗಲಕ್ಷ್ಮಮ್ಮ ದಾರಿಯುದ್ದಕ್ಕೂ ಪ್ರಯತ್ನಪಟ್ಟಳು. ಸಿಗಲಿಲ್ಲ. ಚೀಟಿಯಲ್ಲಿ ಪೆಟ್ಟಿಗೆ ತನಗೇ ಬಂದಿದ್ದರೆ ಮೇಲ್ಬೀದಿಯ ಮಕ್ಕಳಿಗೆ ಒಂದು ಕಥೆಯೂ ದಕ್ಕುತ್ತಿರಲಿಲ್ಲ; ತಾನಾಗಿದ್ದರೆ ಅದನ್ನು ಪಿಸುಮಾತಿನಲ್ಲಿ ಓದುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.